ಬೀಜದೋಷಕ್ಕೆ ತಾಯಿಯನ್ನು ಹಳಿಯಬೇಡಿರಿ

ಮಗುವು ಮಿತಿಮೀರಿ ದಪ್ಪನಾದರೆ ನಮ್ಮ ಕೆಂಚಾರ್ಲಹಳ್ಳಿಯ ಜಗಲಿಗಳ ಮೇಲೆ ತೀರ್ಪು ಕೂಡಲೇ ಹೊರಡುವುದು: “ತಾಯಿಯೇ ತಿನ್ನಿಸಿ ಕೆಡಿಸಿದಳು.” ಈ ತೀರ್ಪು ಸರ್ವದಾ ನ್ಯಾಯವಲ್ಲವೆಂದು ವಾಚಕಮಹಾಶಯರಲ್ಲಿ ನಾವು ಅರಿಕೆಮಾಡುತ್ತೇವೆ.

ಅತಿಸ್ಥೌಲ್ಯದ ಕಾರಣಗಳೊಳಗೆ ಚರಕಸಂಹಿತೆಯು ಅತಿಭೋಜನದೊಡನೆ ಬೀಜಸ್ವಭಾವವನ್ನೂ ಎಣಿಸಿರುವುದು. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದ ವೈದ್ಯರು ಇದಕ್ಕೆ ಪ್ರತ್ಯಕ್ಷ ನಿದರ್ಶನವನ್ನು ತೋರಿಸಿದರು. ಹುಟ್ಟಿದಾಗ ಸಾಮಾನ್ಯ ತೂಕವಿದ್ದ ಒಂದೇ ವಂಶದ ಇಬ್ಬರು ಮಕ್ಕಳಲ್ಲಿ, 8 ವರ್ಷದ ಹುಡುಗಿಯು 86 ಕಿಲೋ, 2 ವರ್ಷದ ಹುಡುಗನು 29 ಕಿಲೋ ತೂಗಿದರು. ‘ಇನ್ನು ಸಾಕು’ ಎಂದು ದೇಹದ ಕೊಬ್ಬು ಮಿದುಳಿಗೆ ಹೇಳಿಕಳುಹಿಸುವ ಲೆಪ್ಟಿನ್ ಎಂಬ ರಸವು ಅವರ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಮೆಯಾಗಿದ್ದಿತು. ಆ ರಸವನ್ನು ಸೂಜಿಯಿಂದ ಕೊಡಲು, ಹುಡುಗಿಯ ಹಸಿವು ತಗ್ಗಿ ತೂಕವೂ ಇಳಿಯಿತು.

ಈ ಮಕ್ಕಳ ತಂದೆತಾಯಿಗಳು ರಕ್ತಸಂಬಂಧಿಗಳು. ಇಬ್ಬರಲ್ಲಿಯೂ ಅಡಗಿರುವ ಒಂದೇ ದೋಷವು ಮಗುವಿನಲ್ಲಿ ಕೂಡಿದರೆ ರೋಗವು ತಲೆದೋರುವುದು. ಅಂಥ ದಂಪತಿಗಳ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲೊಂದು ಪಾಲು ಈ ಭಯವುಂಟು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯುಳ್ಳ ನಮ್ಮ ಸೀಮೆಯವರು ಇದನ್ನು ಯೋಚಿಸತಕ್ಕದ್ದು.

ಇಂಥ ರೋಗವು ಅತಿ ವಿರಳ. ಆದರೂ ಐದು ವರ್ಷ ತುಂಬುವ ಮೊದಲೇ ಮಗುವು ವಿಪರೀತ ದಪ್ಪನಾಗಿ, ಉಂಡೆದ್ದೊಡನೆ ಮತ್ತೆ ಅನ್ನಕ್ಕಾಗಿ ಅಳುವುದಾದರೆ, ತಾಯಿಯನ್ನು ಹಳಿಯದೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ.