ಪರೀಕ್ಷೆ ಮಾಡದೆ ಮದ್ದು ಕೊಡುವವರು



ನಿವೃತ್ತ ಮಾಷ್ಟ್ರೊಬ್ಬ ಮೋಟಾರು ರಿಪೇರಿಯ ವಿಷಯದಲ್ಲಿ ತಲೆಹಾಕುವುದು ಅಧಿಕಪ್ರಸಂಗವೆಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸೀತು. ಅನ್ನಿಸಲಿ. ಮೂವತ್ತು ವರ್ಷಕ್ಕೂ ಮಿಕ್ಕಿ ವಿಜ್ಞಾನ ಪಾಠ ಮಾಡಿದವನಿಗೆ, ಪರೀಕ್ಷಿಸದೆ ತೀರ್ಪು ಕೊಡುವವರನ್ನು ಕಂಡಾಗ ಬಾಯಿ ಮುಚ್ಚಿಕೊಂಡಿರುವುದು ಕಷ್ಟ.

ಕಳೆದ ಮಳೆಗಾಲದಲ್ಲಿ ನನ್ನ ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು ಬೈಂದೂರಿನಿಂದ ಶಿರೂರಿನ ಕಡೆಗೆ ಒತ್ತಿನೆಣೆಯ ಏರು ಹತ್ತುವಾಗ ಕೆಮ್ಮತೊಡಗಿತು. ನಮ್ಮ ಕಡೆಯ ಮೆಕ್ಯಾನಿಕರು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ಒಂದು ಸಿಲಿಂಡರಿನೊಳಗಿನ ಪೆಟ್ರೋಲು ತನ್ನ ಸರದಿಯಲ್ಲಿ ಉರಿಯದೆ ಹೋದರೆ ಉಳಿದ ಎರಡರ ಮೇಲೆ ಭಾರ ಬೀಳುತ್ತದೆ, ಗಾಡಿ ನಡುಗುತ್ತದೆ. ಹಳದಿ ದೀಪವೂ ಹೊತ್ತಿಕೊಂಡಿತು. ಹೆದ್ದಾರಿಯ ಪಕ್ಕದ ಒಂದು ವರ್ಕ್‌ಶಾಪಿಗೆ ಒಯ್ದೆ. ಹೆಸರು ಬೇಡ. ಗಾಜಿನ ಕೋಣೆ, ತಣ್ಣನೆಯ ಗಾಳಿ, ಕುಡಿಯಲು ಕಾಫಿ. ಹುಡುಗನೊಬ್ಬ ಸ್ಕ್ಯಾನರ್ ಸಿಕ್ಕಿಸಿ, ಪರದೆಯ ಮೇಲೆ ಪಿ0302 ಎಂಬ ಸಂಕೇತ ಮೂಡಿದ್ದನ್ನು ತೋರಿಸಿ, “ಎರಡನೇ ಕಾಯಿಲ್ ಹೋಗಿದೆ ಸರ್” ಎಂದ. ಕಾಯಿಲ್ ಬದಲಾಯಿತು. ಎರಡು ದಿನಕ್ಕೆ ಅದೇ ಕೆಮ್ಮು. ಮೂರೂ ಪ್ಲಗ್ಗುಗಳು ಬದಲಾದವು. ಇಂಜೆಕ್ಟರ್ ತೊಳೆದದ್ದಾಯಿತು. 7,000 ರೂಪಾಯಿಗೆ ಮಿಕ್ಕಿ ಬಿಲ್ಲಾದ ಮೇಲೆ, ಇನ್ನು ಗಾಡಿಯ ಕಂಪ್ಯೂಟರನ್ನೇ ಬದಲಿಸಿ ನೋಡಬೇಕು ಎಂದರು. ಬದಲಿಸಿ ‘ನೋಡಬೇಕು’! ನೋಡುವ ಕೆಲಸ ಬದಲಿಸುವುದಕ್ಕೆ ಮೊದಲೇ ಆಗಬೇಕಲ್ಲವೇ?

ಆ ಸಂಕೇತ ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ವಿಚಾರಿಸೋಣ. ಪಿ0301 ಎಂದರೆ ಒಂದನೆಯ ಸಿಲಿಂಡರು, ಪಿ0302 ಎಂದರೆ ಎರಡನೆಯದು. ಹಲವು ಸಿಲಿಂಡರುಗಳಲ್ಲಿ ಒಟ್ಟಿಗೆ ಏರುಪೇರಾದರೆ ಪಿ0300. ಆದರೆ ಕಂಪ್ಯೂಟರು ಸಿಲಿಂಡರಿನ ಒಳಗೆ ಇಣುಕಿ ನೋಡಿದ್ದಲ್ಲ. ಇಂಜಿನ್ನಿನ ಮುಖ್ಯ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್ ತಿರುಗುವ ವೇಗವನ್ನು ಒಂದು ಸೆನ್ಸರ್ ಅಳೆಯುತ್ತಿರುತ್ತದೆ. ಪ್ರತಿ ಸಿಲಿಂಡರು ಉರಿದಾಗ ದಂಡಕ್ಕೆ ಒಂದು ತಳ್ಳು ಸಿಗಬೇಕು. ಎರಡನೆಯದರ ಸರದಿಯಲ್ಲಿ ತಳ್ಳು ಸಿಗದೆ ವೇಗ ಕಣದಷ್ಟು ತಗ್ಗಿದರೆ, ಅದನ್ನು ಲೆಕ್ಕ ಹಿಡಿದು ಸಂಕೇತ ಬರೆದಿಡುತ್ತದೆ. ಇಷ್ಟೇ ಅದರ ಜ್ಞಾನ. ಎರಡನೆಯ ಬೆಂಚಿನ ಹುಡುಗ ಉತ್ತರ ಹೇಳಲಿಲ್ಲ ಎಂಬ ವರದಿ ಅದು. ಅವನಿಗೆ ಜ್ವರವೋ, ಬೆಳಿಗ್ಗೆ ಗಂಜಿ ಸಿಕ್ಕಿಲ್ಲವೋ, ಪುಸ್ತಕವೇ ಇಲ್ಲವೋ, ಕೇಳಿ ತಿಳಿಯಬೇಕಾದವನು ಮಾಷ್ಟ್ರು. ಕಿಡಿ ದುರ್ಬಲವಾದರೂ, ಪೆಟ್ರೋಲು ಸಾಲದಾದರೂ, ಗಾಳಿ ಸೋರಿದರೂ, ವಾಲ್ವ್ ಸವೆದು ಒತ್ತಡ ನಿಲ್ಲದಿದ್ದರೂ ಸಂಕೇತ ಅದೇ ಪಿ0302.

ಹಿಂದೆ ಬೈಂದೂರಿನಿಂದ ಕೊಲ್ಲೂರಿಗೆ ಬಾಡಿಗೆಗೆ ಓಡುತ್ತಿದ್ದ ಅಂಬಾಸಿಡರ್, ಪದ್ಮಿನಿಗಳ ಕಾಲದ ಮೆಕ್ಯಾನಿಕರ ಬಳಿ ಸ್ಕ್ಯಾನರ್ ಇರಲಿಲ್ಲ. ಇಂಜಿನ್ ಓಡುತ್ತಿರುವಾಗಲೇ ಒಂದೊಂದಾಗಿ ಪ್ಲಗ್ಗಿನ ವಯರ್ ಕಳಚಿ ಕಿವಿಗೊಡುತ್ತಿದ್ದರು. ಯಾವುದನ್ನು ಕಳಚಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರು. ಆಮೇಲೆ ಪ್ಲಗ್ ಬಿಚ್ಚಿ ಅದರ ಮೂತಿಯ ಬಣ್ಣ ನೋಡುತ್ತಿದ್ದರು. ಕಪ್ಪು ಮಸಿಯಾದರೆ ಒಂದು ಅರ್ಥ, ಎಣ್ಣೆ ಹಿಡಿದಿದ್ದರೆ ಇನ್ನೊಂದು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮೂರು ಸಿಲಿಂಡರಿನದು; ಅದಕ್ಕೂ ಇದೇ ವಿದ್ಯೆ ನಡೆಯುತ್ತಿತ್ತು. (ಈಗಿನ ಕಾರುಗಳಲ್ಲಿ ಹಾಗೆ ವಯರ್ ಕಳಚಲು ಹೋಗಬೇಡಿ; ಹತ್ತಾರು ಸಾವಿರ ವೋಲ್ಟಿನ ಹೊಡೆತ ಬೀಳುತ್ತದೆ, ಕಾಯಿಲೂ ಸುಡುತ್ತದೆ.) ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವವನಲ್ಲ. ಆ ಕಾಲದಲ್ಲೂ ಸುತ್ತಿಗೆಯೊಂದೇ ಗೊತ್ತಿದ್ದವರು ಬೇಕಾದಷ್ಟಿದ್ದರು. ಆದರೆ ಬಿಡಿಭಾಗ ಸುಲಭಕ್ಕೆ ಸಿಗದ ಕಾರಣ, ಕುಂದಾಪುರಕ್ಕೋ ಮಂಗಳೂರಿಗೋ ಆಳು ಕಳಿಸುವ ಮೊದಲು ಹಾಳಾದದ್ದು ಯಾವುದೆಂದು ಖಚಿತ ಮಾಡಿಕೊಳ್ಳಲೇಬೇಕಿತ್ತು.

ಕೊನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಗಡಿನ ಮಾಡಿನ ಗ್ಯಾರೇಜಿಗೆ ಹೋದೆ. ಹತ್ತನೆಯ ತರಗತಿ ದಾಟದವನು. ಬಾನೆಟ್ ಎತ್ತುವ ಮೊದಲು ಅವನು ಕೇಳಿದ್ದು: “ಮಾಷ್ಟ್ರೇ, ಇದ್ ಯಾವಾಗ ಕೆಮ್ಮತ್ತ್? ಮಳಿ ಬಪ್ಪತಿಗಾ, ಏರ್ ಹತ್ತತಿಗಾ?” ಎರಡೂ ಹೊತ್ತಿನಲ್ಲಿ ಎಂದೆ. ಆ ಗಾಜಿನ ಕೋಣೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅವನ ಹತ್ತಿರವೂ ಸ್ಕ್ಯಾನರ್ ಇತ್ತು. ಆದರೆ ಅದನ್ನು ಅವನು ಬಳಸಿದ ರೀತಿ ಬೇರೆ. ಒಂದನೆಯ ಮತ್ತು ಎರಡನೆಯ ಕಾಯಿಲುಗಳನ್ನು ಅದಲುಬದಲು ಮಾಡಿದ, ಸಂಕೇತ ಅಳಿಸಿದ, ಒಂದು ಸುತ್ತು ಓಡಿಸಿ ಬಂದ. ಮತ್ತೆ ಪಿ0302. ತಪ್ಪು ಕಾಯಿಲಿನದಾಗಿದ್ದರೆ ಅದರ ಜೊತೆಗೇ ಒಂದನೆಯ ಸಿಲಿಂಡರಿಗೆ ಹೋಗಬೇಕಿತ್ತು, ಹೋಗಲಿಲ್ಲ. ಪ್ಲಗ್ಗುಗಳನ್ನೂ ಹಾಗೆಯೇ ಬದಲಿಸಿದ. ತಪ್ಪು ಕದಲಲಿಲ್ಲ. ಗೇಜ್ ಹಾಕಿ ಮೂರೂ ಸಿಲಿಂಡರುಗಳ ಒತ್ತಡ ಅಳೆದ; ಸಮ ಇತ್ತು. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಎರಡನೆಯ ಕಾಯಿಲಿಗೆ ಹೋಗುವ ವಯರುಗಳನ್ನು ಮೆಲ್ಲಗೆ ಅಲ್ಲಾಡಿಸಿದ. ಇಂಜಿನ್ ಮುಗ್ಗರಿಸಿತು. ಟೇಪು ಬಿಚ್ಚಿದರೆ ಇಲಿಯ ಹಲ್ಲಿನ ಗುರುತು! ತಂತಿ ತುಂಡಾಗಿರಲಿಲ್ಲ, ಮೇಲಿನ ಹೊದಿಕೆಯಷ್ಟೇ ಹೋಗಿತ್ತು. ಉಳಿದದ್ದನ್ನು ನಮ್ಮ ಕಡಲ ಉಪ್ಪುಗಾಳಿ ಮಾಡಿ ಮುಗಿಸಿತ್ತು. ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು ಒಂದೆರಡಷ್ಟೇ ಉಳಿದಿದ್ದವು. ಕಾಯಿಲಿಗೆ ಸಾಕಷ್ಟು ವಿದ್ಯುತ್ತು ಹೋಗದಿದ್ದರೆ ಕಿಡಿ ಸಣ್ಣದಾಗುತ್ತದೆ. ಏರಿನಲ್ಲಿ ಸಿಲಿಂಡರಿನ ಒತ್ತಡ ಹೆಚ್ಚಿದಾಗ ಕಿಡಿ ಹಾರಲು ಹೆಚ್ಚು ಶಕ್ತಿ ಬೇಕು. ಒತ್ತಿನೆಣೆಯಲ್ಲೇ ಏಕೆ ಕೆಮ್ಮುತ್ತಿತ್ತು ಎಂಬುದಕ್ಕೆ ಉತ್ತರ ಸಿಕ್ಕಿತು. ಗೇಣುದ್ದ ವಯರ್ ಬೆಸೆದು ಕೊಳವೆ ತೊಡಿಸಿದ. 150 ರೂಪಾಯಿ ಸಾಕೆಂದ.

ಇಲ್ಲಿ ನಿಮ್ಮೊಡನೆಯೂ ಜಗಳವಿದೆ. ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿರುವ ನೀವು ಪೊಟ್ಟಣದಲ್ಲಿ ಬಂದ ವಸ್ತುವಿಗೆ ಕೇಳಿದಷ್ಟು ಹಣ ಕೊಡುತ್ತೀರಿ; ಒಂದೂವರೆ ಗಂಟೆ ತಲೆ ಖರ್ಚುಮಾಡಿದವನು 500 ಕೇಳಿದರೆ “ಏನೂ ಹಾಕಲೇ ಇಲ್ಲವಲ್ಲ” ಎಂದು ಚೌಕಾಶಿ ಮಾಡುತ್ತೀರಿ. ಹೀಗಾದರೆ ಯಾರು ತಾನೇ ಹುಡುಕಿಯಾರು? ವರ್ಕ್‌ಶಾಪಿನ ಆ ಹುಡುಗನಿಗೂ ಯಾರೂ ಹುಡುಕಲು ಕಲಿಸಿಲ್ಲ, ಹುಡುಕಿದ್ದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ನಾನು ವಿದ್ಯಾರ್ಥಿಯೊಡನೆ ವಾದಿಸಿ 600 ಕೊಟ್ಟೆ, ಮುಖ ಸಣ್ಣದು ಮಾಡಿಕೊಂಡು ತೆಗೆದುಕೊಂಡ.

ಇನ್ನೊಂದು ಮಾತು. ದೀಪ ಮಿನುಗುತ್ತಿದ್ದರೂ ಓಡಿಸುತ್ತಲೇ ಇರುವ ಧೈರ್ಯಶಾಲಿಗಳಿದ್ದೀರಿ. ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಸುಟ್ಟುಹಾಕುತ್ತದೆ. ಅದರ ಬೆಲೆಯ ಮುಂದೆ ನನ್ನ ಬಿಲ್ಲು ಏನೂ ಅಲ್ಲ.

ಬದಲಿಸಿದ ಹಳೆಯ ಸಾಮಾನುಗಳನ್ನು ಆ ವರ್ಕ್‌ಶಾಪಿನಿಂದ ಕೇಳಿ ತಂದಿದ್ದೆ. ಆ ಹಳೆಯ ಕಾಯಿಲನ್ನು ವಿದ್ಯಾರ್ಥಿ ಹಾಕಿ ನೋಡಿದ. ಇಂಜಿನ್ ಚೆನ್ನಾಗಿಯೇ ಓಡಿತು. ಅದೂ ಮೂರು ಪ್ಲಗ್ಗುಗಳೂ ಈಗ ನಮ್ಮ ಜಗಲಿಯಲ್ಲಿ ಪೇಪರಿನಲ್ಲಿ ಸುತ್ತಿಕೊಂಡು ಕುಳಿತಿವೆ. ಸೋಮವಾರ ಅವುಗಳನ್ನು ಹಿಡಿದುಕೊಂಡು ಹೋಗಿ, ಇವು ಹಾಳಾಗಿವೆ ಎಂದು ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಕೇಳುವವನಿದ್ದೇನೆ. ಕಾಫಿ ಕೊಟ್ಟರೆ ಕುಡಿಯುವುದಿಲ್ಲ.