ಸಾಲ ಇಲ್ಲಿ, ಸಾಲು ಅಲ್ಲಿ

ಹೋದ ತಿಂಗಳು ನಮ್ಮ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಕನ್ಸಲ್ಟೆನ್ಸಿಯೊಂದರವರು ಅಮೆರಿಕದಲ್ಲಿ ಎಂಎಸ್ ಮಾಡುವ ಬಗ್ಗೆ ಮಾತನಾಡಲು ಬಂದಿದ್ದರು. ಅಟೆಂಡೆನ್ಸ್ ಕೊಡುತ್ತೇವೆ ಅಂದಿದ್ದರಿಂದ ಹಾಲ್ ತುಂಬಿತ್ತು. ಕೊನೆಗೆ ಪ್ರಶ್ನೆ ಕೇಳಿ ಎಂದಾಗ ಹಿರಿಯೂರಿನ ನನ್ನ ಗೆಳತಿ ಎದ್ದು ನಿಂತಳು. ‘ಸರ್, ಎಚ್‌–1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಫೀಸು ಅಂತ ಪೇಪರಿನಲ್ಲಿ ಬಂದಿತ್ತಲ್ಲ?’ ಅವರು ನಕ್ಕು, ‘ಅದು ಇಲ್ಲಿಂದ ನೇರ ಕೆಲಸಕ್ಕೆ ಹೋಗೋರಿಗಮ್ಮ. ಅಲ್ಲೇ ಓದಿದವರಿಗೆ ಇಲ್ಲ. ಅದಕ್ಕೇ ಈಗಲೇ ಹೊರಡಿ ಅನ್ನೋದು’ ಎಂದರು. ಚಪ್ಪಾಳೆ ಬಿತ್ತು.

ಅವರು ಸುಳ್ಳು ಹೇಳಲಿಲ್ಲ, ಆದರೆ ಅರ್ಧ ಹೇಳಿದರು. ಉಳಿದರ್ಧ ಹುಡುಕುವುದು ನನಗೆ ಅನಿವಾರ್ಯವಾಗಿತ್ತು. ಏಕೆಂದರೆ ಅಷ್ಟರಲ್ಲಿ ಅಪ್ಪ ಹೊಳಲ್ಕೆರೆಯ ಬ್ಯಾಂಕಿಗೆ ಎರಡು ಸಲ ಹೋಗಿ ಬಂದಿದ್ದರು.

ನಮಗೆ ಇರುವುದು ಎರಡು ಎಕರೆ ಅಡಿಕೆ ತೋಟ, ಊರೊಳಗೆ ಅಜ್ಜ ಕಟ್ಟಿಸಿದ ಮನೆ. ಅಪ್ಪ ತೋಟದ ಪಹಣಿ ಹಿಡಿದುಕೊಂಡು ಹೋದರೆ ಮ್ಯಾನೇಜರ್, ‘ತೋಟ ಬೇಡ, ಮನೆಯ ಇ–ಖಾತಾ, ಇಸಿ ತನ್ನಿ’ ಅಂದರಂತೆ. ತೋಟಕ್ಕೇ ಅಲ್ಲವೇ ಬೆಲೆ ಜಾಸ್ತಿ ಎಂದು ಅಪ್ಪನಿಗೆ ಆಶ್ಚರ್ಯ. ಕಾರಣ ಕಾನೂನಿನಲ್ಲಿದೆ. ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ಹರಾಜು ಹಾಕುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟಿರುವುದು 2002ರ ಸರ್ಫೇಸಿ ಕಾಯ್ದೆ. ಅದು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಮನೆಗೆ ಅನ್ವಯಿಸುತ್ತದೆ. ಅಂದರೆ ಬ್ಯಾಂಕು ಕೇಳುತ್ತಿರುವುದು ಸುಲಭವಾಗಿ ಕೈಗೆ ಸಿಗುವ ಆಸ್ತಿಯನ್ನು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಮಾತಾಡಲಿಲ್ಲ, ಎಲೆಅಡಿಕೆ ಬಾಯಿಗೆ ಹಾಕಿಕೊಂಡರು.

ಈಗ ಆ ಲಕ್ಷ ಡಾಲರಿನ ವಿಷಯ. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆದೇಶದ ಪ್ರಕಾರ, ದೇಶದ ಹೊರಗಿರುವವರಿಗೆ ಹೊಸ ಎಚ್‌–1ಬಿ ಅರ್ಜಿ ಹಾಕುವ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು. ಆಗಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ. ಅಕ್ಟೋಬರ್ 20ರಂದು ಬಂದ ಸ್ಪಷ್ಟನೆ, ಅಲ್ಲೇ ವಿದ್ಯಾರ್ಥಿ ವೀಸಾದಲ್ಲಿದ್ದು ಎಚ್‌–1ಬಿಗೆ ಬದಲಾಗುವವರಿಗೆ ಈ ಫೀಸು ಇಲ್ಲ ಎಂದಿತು. ಕನ್ಸಲ್ಟೆನ್ಸಿಯವರು ಹಿಡಿದುಕೊಂಡದ್ದು ಈ ಎಳೆಯನ್ನು. ನನ್ನ ಕಣ್ಣಿಗೆ ಅದು ಬೇರೆ ರೀತಿ ಕಾಣುತ್ತದೆ. ಹಿಂದೆ ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು, ಕಂಪನಿಯ ಖರ್ಚಿನಲ್ಲೇ ಅಮೆರಿಕಕ್ಕೆ ಹೋಗುವ ದಾರಿಯೊಂದಿತ್ತು. ಆ ಬಾಗಿಲಿಗೆ 88 ಲಕ್ಷದ ಬೀಗ ಬಿತ್ತು. ತೆರೆದಿರುವ ಇನ್ನೊಂದು ಬಾಗಿಲಿನ ಟಿಕೆಟ್ಟು ನಮ್ಮಪ್ಪನ ಹೆಸರಿನ ಸಾಲ.

ಆ ಬಾಗಿಲಿನಲ್ಲಿ ಒಳಗೆ ಹೋದ ಮೇಲೂ ಲಾಟರಿ ಇದೆ. ಎಚ್‌–1ಬಿ ವರ್ಷಕ್ಕೆ 65 ಸಾವಿರ, ಅಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20 ಸಾವಿರ. 2025ರ ಮಾರ್ಚ್ ಸುತ್ತಿನಲ್ಲಿ ಅರ್ಹ ನೋಂದಣಿ ಸುಮಾರು 3.44 ಲಕ್ಷ, ಆಯ್ಕೆಯಾದದ್ದು ಸುಮಾರು 1.2 ಲಕ್ಷ. ಇಷ್ಟು ದಿನ ಅದು ಚೀಟಿ ಎತ್ತಿದ ಹಾಗಿತ್ತು, ಎಲ್ಲರಿಗೂ ಒಂದೇ ಚೀಟಿ. 2025ರ ಡಿಸೆಂಬರ್‌ನಲ್ಲಿ ಅಂತಿಮಗೊಂಡ ನಿಯಮ ಅದನ್ನೂ ಬದಲಿಸಿತು. ಸಂಬಳದ ನಾಲ್ಕು ಹಂತಗಳಲ್ಲಿ ಮೇಲಿನ ಹಂತದವರ ಹೆಸರು ನಾಲ್ಕು ಸಲ, ಕೆಳಗಿನ ಹಂತದವರದು ಒಂದೇ ಸಲ ಡಬ್ಬಿಗೆ ಬೀಳುತ್ತದೆ. ಓದು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದವರು ಯಾವ ಹಂತದಲ್ಲಿರುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. ಒಂದು ನಿಯಮ ‘ಸಾಲ ಮಾಡಿ ಇಲ್ಲಿಗೇ ಬಂದು ಓದು’ ಎನ್ನುತ್ತದೆ, ಇನ್ನೊಂದು ‘ಓದಿ ಬಂದ ಹೊಸಬರಿಗೆ ಒಂದೇ ಚೀಟಿ’ ಎನ್ನುತ್ತದೆ. ಸೆಮಿನಾರಿನ ಪರದೆಯ ಮೇಲೆ ಮೊದಲನೆಯದು ಮಾತ್ರ ಇತ್ತು.

ಇಷ್ಟೆಲ್ಲ ದಾಟಿದವರ ಕಥೆ ನಮ್ಮ ಮನೆಯಲ್ಲೇ ಇದೆ. ದೊಡ್ಡಪ್ಪನ ಮಗ, ನಾನು ಅಣ್ಣ ಎಂದೇ ಕರೆಯುವವರು, ಟೆಕ್ಸಾಸ್‌ನಲ್ಲಿದ್ದಾರೆ. ಹೆಂಡತಿ, ಎರಡು ವರ್ಷದ ಮಗಳ ಜೊತೆ 2014ರಲ್ಲಿ ಹೋದವರು. ಅವರ ಕಂಪನಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದು 2016ರಲ್ಲಿ. ಇನ್ನೂ ಬಂದಿಲ್ಲ. ‘ಏನು ತೊಂದರೆ ಅಣ್ಣ?’ ಎಂದು ಕೇಳಿದರೆ, ‘ತೊಂದರೆ ಏನಿಲ್ಲ ಕಣಮ್ಮ, ಹೊಳಲ್ಕೆರೇಲಿ ಹುಟ್ಟಿದ್ದೇ ತೊಂದರೆ’ ಎಂದು ನಗುತ್ತಾರೆ.

ತಮಾಷೆಯಂತೆ ಕಂಡರೂ ಕಾನೂನು ಇರುವುದೇ ಹಾಗೆ. ಉದ್ಯೋಗದ ಆಧಾರದ ಗ್ರೀನ್ ಕಾರ್ಡು ವರ್ಷಕ್ಕೆ 1.4 ಲಕ್ಷ ಎಂದು ಅಮೆರಿಕ 1990ರ ಕಾಯ್ದೆಯಲ್ಲಿ ನಿಗದಿ ಮಾಡಿತು. ಹೆಂಡತಿ, ಮಕ್ಕಳೂ ಇದೇ ಲೆಕ್ಕದೊಳಗೆ. ಒಂದೇ ದೇಶದವರಿಗೆ ಇದರಲ್ಲಿ ಶೇ 7ಕ್ಕಿಂತ ಹೆಚ್ಚು ಹೋಗಬಾರದು. ಅಂದರೆ ಸುಮಾರು 9,800. ಬೇರೆಯವರು ಬಳಸದೆ ಉಳಿಸಿದ್ದು ಸಿಕ್ಕರೆ ಮಾತ್ರ ಅದಕ್ಕಿಂತ ಹೆಚ್ಚು. ಪುಟ್ಟ ಐಸ್‌ಲ್ಯಾಂಡಿಗೂ ಇದೇ ಮಿತಿ, 140 ಕೋಟಿಯ ಭಾರತಕ್ಕೂ ಇದೇ ಮಿತಿ. ನೋಡುವುದು ಪೌರತ್ವವನ್ನಲ್ಲ, ಹುಟ್ಟಿದ ದೇಶವನ್ನು. ಅಣ್ಣ ನಾಳೆ ಕೆನಡಾದ ಪೌರರಾದರೂ ಭಾರತದ ಸಾಲಿನಲ್ಲೇ ನಿಲ್ಲಬೇಕು. ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಸಾಲು ಹಿಡಿಯಲು ಅವಕಾಶ ಇದೆ. ಅತ್ತಿಗೆ ಹೊಸದುರ್ಗದವರು.

ಈ ಉದ್ದನೆಯ ಸಾಲಿನಲ್ಲಿ ನಮ್ಮ ಪಕ್ಕದಲ್ಲಿ ನಿಂತಿರುವವರು ಚೀನಾದವರು. ನನಗೆ ಇದನ್ನು ಓದುವಾಗ ಕುತೂಹಲ ಹುಟ್ಟಿದ್ದು ಇಲ್ಲೇ. ಅಮೆರಿಕ ಒಂದು ದೇಶದ ಕಾರ್ಮಿಕರನ್ನು ಹೆಸರಿಸಿ ಬಾಗಿಲು ಮುಚ್ಚಿದ್ದು ಮೊದಲು ಚೀನೀಯರಿಗೆ, 1882ರಲ್ಲಿ. ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ 1917ರಲ್ಲಿ ಮುಚ್ಚಿತು. 1943ರಲ್ಲಿ ಚೀನೀಯರಿಗೆ ಬಾಗಿಲು ತೆರೆದಾಗ ಕೊಟ್ಟದ್ದು ವರ್ಷಕ್ಕೆ 105 ಜಾಗ, 1946ರಲ್ಲಿ ಭಾರತೀಯರಿಗೆ 100. ಇಂಥ ದೇಶವಾರು ಕೋಟಾಗಳನ್ನು 1965ರ ಕಾಯ್ದೆ ತೆಗೆದುಹಾಕಿತು. ಎಲ್ಲ ದೇಶಕ್ಕೂ ಒಂದೇ ಮಿತಿ ಎಂಬ ಸಮಾನತೆಯೇ ಈಗ ಈ ಎರಡು ದೊಡ್ಡ ದೇಶಗಳ ಕೊರಳಿಗೆ ಸುತ್ತಿಕೊಂಡಿದೆ.

ಅವರ ಸಾಲಿಗಿಂತ ನಮ್ಮದು ಉದ್ದ. 2025ರ ಅಕ್ಟೋಬರ್ ವೀಸಾ ಬುಲೆಟಿನ್‌ನಲ್ಲಿ ಸ್ನಾತಕೋತ್ತರ ಪದವೀಧರರ ವರ್ಗವಾದ ಇಬಿ–2ರಲ್ಲಿ, ಚೀನಾದವರ ಪೈಕಿ 2021ರ ಏಪ್ರಿಲ್‌ಗೆ ಮೊದಲು ಅರ್ಜಿ ಹಾಕಿದವರ ಸರದಿ ಬಂದಿತ್ತು. ನಮ್ಮವರಲ್ಲಿ 2013ರ ಏಪ್ರಿಲ್‌ಗೆ ಮೊದಲಿನವರದು. ಸರಿಯಾಗಿ ಎಂಟು ವರ್ಷದ ಅಂತರ. ಕಾರಣ ಸರಳ: 2024ನೇ ಸಾಲಿನಲ್ಲಿ ಮಂಜೂರಾದ ಎಚ್‌–1ಬಿಗಳಲ್ಲಿ ನೂರಕ್ಕೆ 71 ಭಾರತದಲ್ಲಿ ಹುಟ್ಟಿದವರದು, ಚೀನಾದವರದು ಸುಮಾರು 12. ಕೋಟಿಗಟ್ಟಲೆ ಹಣ ಹೂಡಿ ಗ್ರೀನ್ ಕಾರ್ಡ್ ಕೇಳುವ ಇಬಿ–5ರಲ್ಲಿ ಮಾತ್ರ ಕಥೆ ಉಲ್ಟಾ. ಅಲ್ಲಿ ಚೀನಾದವರೇ ನಮಗಿಂತ ಹಿಂದೆ. ದುಡ್ಡಿದ್ದವರಿಗೂ ಸಾಲು ತಪ್ಪಿಲ್ಲ ಎಂಬುದು ಸಮಾಧಾನವೋ ಅಲ್ಲವೋ ಗೊತ್ತಿಲ್ಲ.

ಸಾಲು ಮುಂದೆ ಮಾತ್ರ ಹೋಗುತ್ತದೆ ಎಂದೂ ಇಲ್ಲ. ನಮ್ಮವರ ಇಬಿ–2 ದಿನಾಂಕ 2022ರ ಸೆಪ್ಟೆಂಬರ್‌ನಲ್ಲಿ 2014ರ ಡಿಸೆಂಬರ್‌ವರೆಗೆ ಬಂದಿತ್ತು. ಅಕ್ಟೋಬರ್‌ನಲ್ಲಿ 2012ರ ಏಪ್ರಿಲ್‌ಗೆ ವಾಪಸ್ ಹೋಯಿತು. ಇನ್ನೆರಡು ವರ್ಷ ಅಷ್ಟೇ ಎಂದು ಅಣ್ಣ ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿದ್ದು ಆ ಸೆಪ್ಟೆಂಬರ್‌ನಲ್ಲೇ. ದೊಡ್ಡಮ್ಮ ಈಗ ಕೇಳುವುದನ್ನೇ ಬಿಟ್ಟಿದ್ದಾರೆ.

ದಾವಣಗೆರೆಯಲ್ಲಿ ಹುಟ್ಟಿದ ಅವರ ಮಗಳಿಗೆ ಈಗ 13. ಇಪ್ಪತ್ತೊಂದಾಗುವ ಹೊತ್ತಿಗೆ ಅಣ್ಣನ ಸರದಿ ಬರದಿದ್ದರೆ ಅವಳು ಕಾನೂನಿನ ಕಣ್ಣಲ್ಲಿ ಅವರ ‘ಮಗು’ ಅಲ್ಲ. ಎರಡು ವರ್ಷದಿಂದ ಬೆಳೆದ ದೇಶದಲ್ಲಿ ಉಳಿಯಲು ನನ್ನ ಹಾಗೆಯೇ ವಿದ್ಯಾರ್ಥಿ ವೀಸಾ ಕೇಳಬೇಕು. ಅಲ್ಲೇ ಹುಟ್ಟಿದ ತಮ್ಮ ಮಾತ್ರ ಅಮೆರಿಕದ ಪೌರ. ಆ ಹಕ್ಕು ಗಟ್ಟಿಯಾದದ್ದು ಒಬ್ಬ ಚೀನೀ ಅಡುಗೆಯವನಿಂದ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ, ನೀನು ಪೌರನಲ್ಲ ಎಂದು ಬಂದರಿನಲ್ಲೇ ತಡೆದರು. ಆತ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1898ರಲ್ಲಿ ಗೆದ್ದ. 2025ರ ಜನವರಿಯಲ್ಲಿ ಹೊರಟ ಅಧ್ಯಕ್ಷರ ಆದೇಶ ಆ ಹಕ್ಕನ್ನೇ ಮೊಟಕುಗೊಳಿಸಲು ನೋಡಿತು. ಕೆಳಗಿನ ಕೋರ್ಟುಗಳು ಅದಕ್ಕೆ ತಡೆ ಕೊಟ್ಟವು. ಟೆಕ್ಸಾಸ್‌ನಲ್ಲಿ ಹುಟ್ಟಿದ ನಮ್ಮ ಮನೆಯ ಹುಡುಗನ ಪಾಸ್‌ಪೋರ್ಟಿನ ಹಿಂದೆ ನೂರಿಪ್ಪತ್ತು ವರ್ಷಕ್ಕೂ ಹಿಂದಿನ ಒಬ್ಬ ಚೀನೀಯನ ಹಟ ಇದೆ ಎಂಬುದು ಅಣ್ಣನಿಗೂ ಗೊತ್ತಿರಲಿಲ್ಲ.

ಅಣ್ಣನ ಸಾಲು ವರ್ಷಗಳಲ್ಲಿ ನಡೆಯುತ್ತದೆ. ನನ್ನ ಸಾಲ ತಿಂಗಳಲ್ಲಿ ನಡೆಯುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದೆ. 40 ಲಕ್ಷ ಸಾಲ, ಶೇ 10.5 ಬಡ್ಡಿ, ಹತ್ತು ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 54 ಸಾವಿರ. ಓದುವಾಗಿನ ಬಡ್ಡಿ ಬೇರೆ. ಓದು ಮುಗಿದ ಒಂದು ವರ್ಷಕ್ಕೆ ಕಂತು ಶುರು. ಓದಿನ ನಂತರ ಅಲ್ಲಿ ಕೆಲಸ ಮಾಡಲು ಸಿಗುವ ಒಪಿಟಿ ಒಂದು ವರ್ಷ, ನಮ್ಮಂಥ ಎಂಜಿನಿಯರಿಂಗ್‌ನವರಿಗೆ ಇನ್ನೆರಡು ವರ್ಷ ವಿಸ್ತರಣೆ. ಅಷ್ಟರೊಳಗೆ ಮೂರು ಸಲವೋ ನಾಲ್ಕು ಸಲವೋ ಲಾಟರಿ. ಒಂದರಲ್ಲೂ ಹೆಸರು ಬರದಿದ್ದರೆ ವಾಪಸ್. ಆಗ ಇನ್ನೂ ಎಂಟು ವರ್ಷದ ಕಂತು ಬಾಕಿ, ಕಟ್ಟಬೇಕಾದದ್ದು ಬೆಂಗಳೂರಿನ ಸಂಬಳದಲ್ಲಿ.

ಇನ್ನೊಂದು ವಿಚಿತ್ರ ಇದೆ. ವಿದ್ಯಾರ್ಥಿ ವೀಸಾ ಸಂದರ್ಶನದಲ್ಲಿ, ಓದು ಮುಗಿಸಿ ಊರಿಗೆ ಮರಳುತ್ತೇನೆ ಎಂದು ಅಧಿಕಾರಿಗೆ ಮನವರಿಕೆ ಮಾಡಬೇಕು. ಆಗದಿದ್ದರೆ 214(ಬಿ) ಕಲಮಿನಡಿ ತಿರಸ್ಕಾರ. ಬ್ಯಾಂಕಿಗೆ ಮಾತ್ರ, ಅಲ್ಲೇ ಡಾಲರಿನಲ್ಲಿ ದುಡಿದು ತೀರಿಸುತ್ತೇನೆ ಎಂಬ ಭರವಸೆ ಕೊಡಬೇಕು. ಎರಡು ಕೌಂಟರಿನಲ್ಲಿ ಎರಡು ಮಾತು. ಎರಡನ್ನೂ ನಿಜ ಎಂದು ಹೇಳುವುದು ಹೇಗೆ ಎಂದು ಕನ್ಸಲ್ಟೆನ್ಸಿಯವರು ಒಂದು ಗಂಟೆ ತರಬೇತಿ ಕೊಡುತ್ತಾರಂತೆ. ಅದಕ್ಕೆ ಫೀಸು ಬೇರೆ.

ಹೊಸದುರ್ಗದ ನನ್ನ ಕ್ಲಾಸ್‌ಮೇಟ್ ಜರ್ಮನಿ ಕಡೆ ನೋಡುತ್ತಿದ್ದಾನೆ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಒಂದು ವರ್ಷದ ಜೀವನ ವೆಚ್ಚ 11,904 ಯೂರೊ, ಅಂದರೆ ಹನ್ನೆರಡು ಲಕ್ಷದಷ್ಟು, ಮೊದಲೇ ಖಾತೆಯಲ್ಲಿ ಇಡಬೇಕು. ಅದು ನಮ್ಮದೇ ಹಣ, ತಿಂಗಳು ತಿಂಗಳು ನಮಗೇ ಸಿಗುತ್ತದೆ. ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಬೇಕು. (ಇದೂ ಮೊದಲು ಶುರುವಾದದ್ದು 2001ರಲ್ಲಿ, ಬೀಜಿಂಗ್‌ನಲ್ಲಿ. ನಮಗೆ ಕಡ್ಡಾಯವಾದದ್ದು 2022ರ ನವೆಂಬರ್‌ನಿಂದ.) ಕೆಲಸ ಸಿಕ್ಕಿ ಬ್ಲೂ ಕಾರ್ಡ್ ಪಡೆದವರು ಜರ್ಮನ್ ಭಾಷೆಯ ಬಿ1 ಹಂತ ದಾಟಿದ್ದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು. ಎಲ್ಲಿ ಹುಟ್ಟಿದೆ ಎಂದು ನೋಡಿ ಸಾಲಿನಲ್ಲಿ ನಿಲ್ಲಿಸುವ ಕೋಟಾ ಇಲ್ಲ. ಹಾಗೆಂದು ಸಲೀಸು ಎಂದಲ್ಲ, ಭಾಷೆ ಬರದವರಿಗೆ ಕೆಲಸ ಸಿಗುವುದು ಕಷ್ಟ. ಆದರೆ ಭಾಷೆ ಕಲಿಯಬಹುದು. ಹುಟ್ಟಿದ ಊರು ಬದಲಿಸಲಾಗದು. ಅವನು ಬಸ್ಸಿನಲ್ಲಿ ಹೋಗಿಬರುವಾಗ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಜರ್ಮನ್ ಪಾಠ ಕೇಳುತ್ತಾನೆ. ಪಕ್ಕದ ಸೀಟಿನ ಅಜ್ಜಿಯೊಬ್ಬರು ‘ಏನಪ್ಪಾ ಮಂತ್ರ ಹೇಳ್ಕೊಂತೀಯಾ?’ ಎಂದು ಕೇಳಿದರಂತೆ.

ಪರಿಶಿಷ್ಟ ಜಾತಿ, ಪಂಗಡದ ಸಹಪಾಠಿಗಳಿಗೆ ರಾಜ್ಯದ ‘ಪ್ರಬುದ್ಧ’ ವಿದ್ಯಾರ್ಥಿವೇತನ ಇದೆ. ನಮ್ಮ ಸೆಮಿನಾರಿನಲ್ಲಿ ಇದರ ಹೆಸರೇ ಬರಲಿಲ್ಲ. ಸಾಲ ಇಲ್ಲದೆ ಹೋಗುವವರಿಂದ ಸಾಲ ಕೊಡಿಸುವವರಿಗೆ ಏನೂ ಸಿಗುವುದಿಲ್ಲವಲ್ಲ.

ಕಳೆದ ಭಾನುವಾರ ಊರಿಗೆ ಹೋದಾಗ ಅಪ್ಪ ಇಸಿ ತೆಗೆಸಿ ಇಟ್ಟಿದ್ದರು. ಅದರ ಪಕ್ಕದಲ್ಲಿ ನನ್ನ ಹಾಳೆ ಇಟ್ಟು ಒಂದೊಂದೇ ಸಾಲು ಓದಿ ಹೇಳಿದೆ. ಮನೆ ಅಡವಿಡುವುದು ಬೇಡ, ಬಿಇ ಮುಗಿಸಿ ಎರಡು ವರ್ಷ ದುಡಿದು ಸ್ವಂತ ದುಡ್ಡು ಸೇರಿಸುತ್ತೇನೆ, ಜೊತೆಗೆ ಜರ್ಮನ್ ಕಲಿಯುತ್ತೇನೆ ಎಂದೆ. ‘ಅಮೆರಿಕದೋರು ನಾಳೆ ಕಾನೂನು ಬದಲಿಸಿದ್ರೆ?’ ಎಂದರು ಅಪ್ಪ. ‘ಬದಲಿಸಲಿ ಅಪ್ಪ, ಆಗ ನೋಡೋಣ. ಅಲ್ಲಿವರೆಗೆ ಮನೆ ನಮ್ಮದೇ ಇರುತ್ತಲ್ಲ’ ಎಂದೆ. ಅವರು ಇಸಿಯನ್ನು ಮಡಚಿ ಅಜ್ಜನ ಟ್ರಂಕಿನಲ್ಲಿ ಇಟ್ಟರು. ಬೇಡ ಎಂದಾಗಲೀ ಆಗಲಿ ಎಂದಾಗಲೀ ಹೇಳಲಿಲ್ಲ. ಸಂಜೆ ದುರ್ಗದ ಬಸ್ಸು ಹತ್ತಿಸಲು ಬಂದಾಗ, ಆ ಜರ್ಮನ್ ಕ್ಲಾಸಿಗೆ ಎಷ್ಟು ಫೀಸು ಎಂದು ಮಾತ್ರ ಕೇಳಿದರು.