ಮುರಿದ ಬಾಗಿಲಿಗೆ ಕಾವಲು ಯಾರು?

ನಾನು ರಾಯಚೂರು ಬಿಟ್ಟು ಹೈದರಾಬಾದಿಗೆ ಬಂದು ಇಪ್ಪತ್ತೆಂಟು ವರ್ಷವಾಯ್ತು. ಇಷ್ಟು ವರ್ಷದಲ್ಲಿ ಬೇರೆಯವರ ಮನೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು ರಾತ್ರಿಯಿಡೀ ಕೂತದ್ದು ಒಂದೇ ಸಲ.

ನಮ್ಮ ಎದುರು ಫ್ಲಾಟಿನಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದಾರೆ. ಹೆಂಡತಿ ತೀರಿಕೊಂಡಿದ್ದಾರೆ, ಮಗ ಅಮೆರಿಕಾದಲ್ಲಿ. ಇಡೀ ಬಿಲ್ಡಿಂಗಿಗೆ ಅವರು ‘ಮಾಸ್ಟಾರು’. ಒಂದು ಸಂಜೆ ನೋಡಿದರೆ ಎರಡು ದಿನದ ಪೇಪರು, ಹಾಲಿನ ಪ್ಯಾಕೆಟ್ಟು ಬಾಗಿಲಲ್ಲೇ ಬಿದ್ದಿವೆ. ಒಳಗೆ ಫೋನು ಬಡಕೊಳ್ಳುತ್ತಿದೆ, ಎತ್ತುವವರಿಲ್ಲ. ನೂರಕ್ಕೆ ಫೋನ್ ಮಾಡಿದೆವು. ಪೊಲೀಸರು ಬೇಗನೇ ಬಂದರು, ಅದನ್ನು ಹೇಳಲೇಬೇಕು. ಕೂಗಿದರು, ತಟ್ಟಿದರು, ಕೊನೆಗೆ ಹಾರೆ ಹಾಕಿ ಬಾಗಿಲು ಮುರಿದರು. ಮಾಸ್ಟಾರು ಬಚ್ಚಲಲ್ಲಿ ಬಿದ್ದಿದ್ದರು. ಸೊಂಟ ಮುರಿದಿತ್ತು, ಜೀವ ಇತ್ತು. ಆಂಬುಲೆನ್ಸ್ ಬಂದು ಕರಕೊಂಡು ಹೋಯ್ತು. ಆ ಪೊಲೀಸರಿಗೆ ಕೈ ಮುಗಿಯಬೇಕು.

ಕಥೆ ಶುರುವಾದದ್ದು ಆಮೇಲೆ ನೋಡಿ. ಚೌಕಟ್ಟು ಸೀಳಿದೆ, ಚಿಲಕ ಕಿತ್ತು ಬಂದಿದೆ, ಲಾಕು ನೆಲದ ಮೇಲಿದೆ. ಒಳಗೆ ಬೀರು, ಪಾಸ್‌ಬುಕ್ಕು, ದೇವರ ಮುಂದಿನ ಬೆಳ್ಳಿ ದೀಪ. ಹೊರಟು ನಿಂತ ಎಸ್ಸೈ ನನ್ನ ಕಡೆ ತಿರುಗಿ “ತಾಳಂ ವೇಸುಕೋಂಡಿ” ಅಂದರು. ಬೀಗ ಹಾಕಿಕೊಳ್ಳಬೇಕಂತೆ! ಎಲ್ಲಿಗೆ ಹಾಕೋದು ಸ್ವಾಮಿ, ಕೊಂಡಿಯೇ ಇಲ್ಲವಲ್ಲ... ರಾತ್ರಿ ಹತ್ತೂವರೆಗೆ ಯಾವ ಬಡಗಿ ಬರುತ್ತಾನೆ? ನಾನು, ವಾಚ್‌ಮನ್ ಸರದಿಯ ಮೇಲೆ ಕೂತು ಬೆಳಗು ಮಾಡಿದೆವು.

ಮರುದಿನ ಬಡಗಿ ಕೂಲಿ, ಹೊಸ ಲಾಕು ಸೇರಿ ನಾಲ್ಕು ಸಾವಿರದ ಇನ್ನೂರು ಆಯ್ತು. ನಾನು ಕೊಟ್ಟೆ, ಮಗ ಆಮೇಲೆ ಕಳಿಸಿದ. ನನ್ನನ್ನು ಕೊರೆದದ್ದು ಆ ದುಡ್ಡಲ್ಲ. ಆ ರಾತ್ರಿ ಒಂದು ಬೆಳ್ಳಿ ಲೋಟ ಕಾಣೆಯಾಗಿದ್ದರೆ ಅನುಮಾನ ಯಾರ ಮೇಲೆ ಬರುತ್ತಿತ್ತು? ನಿದ್ದೆಗೆಟ್ಟು ಕಾದ ಆ ಬಡ ವಾಚ್‌ಮನ್ ಮೇಲೆ ತಾನೇ?

ಕಾನೂನು ಏನನ್ನುತ್ತದೆ ಅಂತ ಹುಡುಕಿದೆ. ಬಂಧಿಸಬೇಕಾದವನನ್ನು ಹಿಡಿಯಲು ಬಾಗಿಲು ಮುರಿಯುವ ಅಧಿಕಾರ 1973ರ ದಂಡ ಪ್ರಕ್ರಿಯಾ ಸಂಹಿತೆಯ 47ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 44ನೇ ಕಲಮು. ತಾನು ಯಾರು, ಯಾಕೆ ಬಂದೆ ಅಂತ ಮೊದಲು ಹೇಳಬೇಕು, ಬಾಗಿಲು ತೆಗೆಯಿರಿ ಅಂತ ಕೇಳಬೇಕು, ತೆಗೆಯದಿದ್ದರೆ ಮುರಿಯಬಹುದು. ಒಳಗೆ ಪರದೆಯ ಹೆಂಗಸರಿದ್ದರೆ ಸರಿದುಹೋಗಲು ಅವಕಾಶ ಕೊಡಬೇಕು. ಒಳಹೊಕ್ಕ ಪೊಲೀಸರನ್ನೇ ಯಾರಾದರೂ ಕೂಡಿಹಾಕಿದರೆ ಅವರು ಬಾಗಿಲು ಮುರಿದು ಹೊರಬರಬಹುದು, ಅದೂ ಇದೆ! ಮುರಿದ ಬಾಗಿಲನ್ನು ಏನು ಮಾಡಬೇಕು ಅನ್ನೋದು ಮಾತ್ರ ಆ ಕಲಮಿನಲ್ಲಿ ಇಲ್ಲ. ಮನೆ ಶೋಧಿಸಿದರೆ ಪಂಚರ ಎದುರು ಪಟ್ಟಿ ಮಾಡಬೇಕು, ಈಗ 105ನೇ ಕಲಮಿನಂತೆ ವಿಡಿಯೋನೂ ತೆಗೆಯಬೇಕು. ಅಂದರೆ ತೆಗೆದುಕೊಂಡು ಹೋದದ್ದಕ್ಕೆ ಲೆಕ್ಕವಿದೆ, ಬಿಟ್ಟುಹೋದದ್ದಕ್ಕೆ ಇಲ್ಲ.

ಇಂಗ್ಲೆಂಡಿನಲ್ಲಿ 1984ರ ಪೊಲೀಸ್ ಕಾಯಿದೆಯ ಜೊತೆಗೆ ಒಂದು ನಿಯಮಾವಳಿ ಇದೆ. ಶೋಧಕ್ಕೆಂದು ಬಲವಂತವಾಗಿ ಹೊಕ್ಕ ಮನೆಯನ್ನು ಬಿಡುವ ಮೊದಲು ಅದು ಭದ್ರವಾಗಿದೆ ಅಂತ ಅಧಿಕಾರಿ ಖಾತ್ರಿ ಮಾಡಿಕೊಳ್ಳಬೇಕು. ಮನೆಯವರನ್ನೋ ಅವರ ಕಡೆಯವರನ್ನೋ ಕರೆಸಬೇಕು, ಇಲ್ಲವೇ ಬೇರೆ ವ್ಯವಸ್ಥೆ ಮಾಡಬೇಕು. ಶೋಧ ಕಾನೂನಿನ ಪ್ರಕಾರವೇ ಇದ್ದು, ಬೇಕಾದಷ್ಟೇ ಬಲ ಬಳಸಿದ್ದರೆ ಪರಿಹಾರ ಸಿಗುವುದು ಕಷ್ಟ. ತಪ್ಪು ಮನೆಗೆ ನುಗ್ಗಿದ್ದರೆ ಸಾಮಾನ್ಯವಾಗಿ ಕೊಡಬೇಕು.

ಪರದೇಶದ ಮಾತು ಬಿಡಿ. ಹಳೇ ಮೈಸೂರು ರಾಜ್ಯದ ಕಾಲದ ಒಂದು ಕೇಸಿದೆ. ಒಬ್ಬ ಹೆಣ್ಣುಮಗಳ ಕಳುವಾದ ಒಡವೆಗಳನ್ನು ಪೊಲೀಸರು ಪತ್ತೆ ಮಾಡಿದರು, ಅವು ಠಾಣೆಯಿಂದಲೇ ಕಾಣೆಯಾದವು. 1977ರಲ್ಲಿ ಸುಪ್ರೀಂ ಕೋರ್ಟು ಅವುಗಳ ಬೆಲೆ 10,000 ರೂಪಾಯಿ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಆಂಧ್ರದಲ್ಲಿ ಅಧಿಕಾರಿಗಳು ಒಬ್ಬ ವ್ಯಾಪಾರಿಯ ರಸಗೊಬ್ಬರದ ದಾಸ್ತಾನು ಜಪ್ತಿ ಮಾಡಿ ಹಾಳಾಗಲು ಬಿಟ್ಟಿದ್ದರು. ಅದಕ್ಕೂ ಸರ್ಕಾರವೇ ಹೊಣೆ ಅಂತ 1994ರಲ್ಲಿ ತೀರ್ಪಾಯ್ತು. ಕೈಗೆ ತೆಗೆದುಕೊಂಡ ವಸ್ತುವನ್ನು ಕಾಯಬೇಕಾದರೆ, ಕೈಯಾರೆ ತೆರೆದ ಮನೆಯನ್ನೂ ಕಾಯಬೇಡವೇ?

ನನ್ನ ಅಭಿಪ್ರಾಯ ಇಷ್ಟೇ. ಜೀವ ಉಳಿಸಲು ಮುರಿದ ಬಾಗಿಲಿನ ರಿಪೇರಿ ಮನೆಯವರೇ ಮಾಡಿಸಿಕೊಳ್ಳಲಿ, ಅದರಲ್ಲಿ ಬೇಜಾರಿಲ್ಲ. ತಪ್ಪು ಮನೆಯಾದರೆ, ಏನೂ ಮಾಡದವರ ಮನೆಯಾದರೆ ಸರ್ಕಾರ ಕೊಡಲಿ. ಆದರೆ ಆ ಹೊತ್ತಿಗೆ ಮನೆ ಭದ್ರ ಮಾಡುವ ಕೆಲಸ, ಬಾಗಿಲು ಯಾಕೇ ಮುರಿದಿರಲಿ, ಮುರಿದವರದ್ದೇ. ಪ್ರತಿ ಬಾಗಿಲಿಗೂ ಒಬ್ಬ ಕಾನ್‌ಸ್ಟೇಬಲ್ ಕೂರಿಸಲು ಜನ ಎಲ್ಲಿದ್ದಾರೆ ಅಂತೀರಾ? ಬೇಕಿಲ್ಲ. ಠಾಣೆಯಲ್ಲಿ ನಾಲ್ಕು ಬಡಗಿಗಳ ನಂಬರು, ಜೀಪಿನಲ್ಲಿ ಎರಡು ಕೊಂಡಿ, ಒಂದು ಬೀಗ, ಮೊಬೈಲಿನಲ್ಲಿ ಮನೆಯ ಒಂದು ವಿಡಿಯೋ, ಕೀ ಯಾರಿಗೆ ಕೊಟ್ಟೆವು ಅಂತ ಎರಡು ಸಹಿ. ಇಷ್ಟಕ್ಕೆ ಎಷ್ಟು ಖರ್ಚಾದೀತು?

ಇದು ನಮ್ಮಂಥ ಪರಊರಿನವರ ಕಥೆಯೂ ಹೌದು. ಹಬ್ಬಕ್ಕೆ ಬೀಗ ಹಾಕಿ ರಾಯಚೂರು, ಕಲಬುರ್ಗಿ ರೈಲು ಹತ್ತುವವರು ನಾವೇ ಅಲ್ಲವೇ? ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ ಅಂತ ಇಲ್ಲಿನ ಪೊಲೀಸರು ಸಂಕ್ರಾಂತಿಗೆ ಮುಂಚೆ ಹೇಳುತ್ತಾರೆ. ತಿಳಿಸಿ. ಜೊತೆಗೆ ಪಕ್ಕದವರಿಗೂ ಒಂದು ಕೀ ಕೊಟ್ಟು ಹೋಗಿ.

ಮಾಸ್ಟಾರು ಈಗ ವಾಕರ್ ಹಿಡಿದು ಓಡಾಡುತ್ತಿದ್ದಾರೆ. ಹೊಸ ಲಾಕಿನ ಒಂದು ಕೀ ನಮ್ಮ ಅಡಿಗೆಮನೆ ಮೊಳೆಗೆ ನೇತಾಡುತ್ತಿದೆ. ನಿಮ್ಮ ಕೀ ಯಾರ ಮನೆಯಲ್ಲಿದೆ?